ತುಳಸಿಕಟ್ಟೆಗೆ ಬಂದ ತಾಮ್ರದ ಜೀರ್ಜಿಂಬೆ

ದೆವ್ವ, ಗಾಳಿ, ಸತ್ತದ್ದು ತಿರುಗಿ ಬಂತು ಎನ್ನುವಂಥ ಮಾತುಗಳನ್ನು ನಾನು ನಂಬಿದವಳಲ್ಲ. ದೇವರೊಬ್ಬನನ್ನು ನಂಬಿದರೆ ಸಾಕು, ಬೇರೆಯದೆಲ್ಲ ಹೊತ್ತು ಹೋಗದವರ ಕಥೆ ಎಂದು ಮಕ್ಕಳಿಗೂ ಹೇಳುತ್ತಿದ್ದೆ. ಈಗಲೂ ಯಾರಾದರೂ ಅಂಥ ಕಥೆ ತೆಗೆದರೆ ಎದ್ದು ಹೋಗಿ ಒಲೆ ನೋಡಿಕೊಳ್ಳುತ್ತೇನೆ. ಆದರೆ ನನ್ನ ಕಣ್ಣೆದುರೇ ನಡೆದ ಒಂದು ಸಂಗತಿಯನ್ನು ಮಾತ್ರ ಹಾಗೆ ತಳ್ಳಿಹಾಕಲು ಆಗಿಲ್ಲ. ನಡೆದ ಹಾಗೆಯೇ ಬರೆಯುತ್ತೇನೆ. ನಂಬುವುದು ನಿಮಗೆ ಬಿಟ್ಟದ್ದು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರು ಚಿನ್ನದ ಗಣಿಗೆ ಅಂಟಿಕೊಂಡ ಆಂಡರ್ಸನ್‌ಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಕುಡಿತ, ಇಸ್ಪೀಟು ಯಾವುದೂ ಇರಲಿಲ್ಲ. ದೇವರು ನನಗೆ ಅಷ್ಟು ಕೊಟ್ಟಿದ್ದ. ಇದ್ದದ್ದು ಹುಳದ ಹುಚ್ಚು ಒಂದೇ. ಅದೂ ಎಲ್ಲ ಹುಳ ಅಲ್ಲ, ಬೆನ್ನ ಮೇಲೆ ಗಟ್ಟಿ ಚಿಪ್ಪಿನಂಥ ರೆಕ್ಕೆ ಇರುವ ಜೀರುಂಡೆ ಜಾತಿಯವು. ರಜೆ ಬಂದರೆ ಒಂದು ಕೊಡೆ, ಒಂದು ಕೋಲು ಹಿಡಿದು ಹೊರಡುವರು. ಕೊಡೆಯನ್ನು ಬಿಚ್ಚಿ ತಲೆಕೆಳಗು ಮಾಡಿ ಗಿಡದ ಕೆಳಗೆ ಹಿಡಿದು, ಕೋಲಿನಿಂದ ಕೊಂಬೆ ಬಡಿದರೆ ಹುಳಗಳು ಅದರೊಳಗೆ ಉದುರುತ್ತಿದ್ದವು. ಪಕ್ಕದ ಮನೆಯ ಮುನಿಯಮ್ಮ ಅದನ್ನು ನೋಡಿ ಬಂದು, "ಏನಕ್ಕಾ, ನಿಮ್ಮ ಮೇಷ್ಟ್ರು ತಾವು ಬಿಸ್ಲಾಗೆ ನಿಂತ್ಕಂಡು ಗಿಡಕ್ಕೆ ಕೊಡೆ ಇಡೀತಾರಲ್ಲ, ಅದೂ ತಿರುಗಾಮುರುಗಾ! ಮಳೆ ಏನು ನೆಲದಿಂದ ಮೇಲಕ್ಕೆ ಬತ್ತದಾ?" ಎಂದು ಓಣಿಗೆಲ್ಲ ಕೇಳುವಂತೆ ನಕ್ಕಿದ್ದಳು.

ಸಂಜೆ ನಾನು ಅಕ್ಕಿ ಆರಿಸುತ್ತಿದ್ದರೆ ಅವರು ಪಕ್ಕದಲ್ಲಿ ಭೂತಗನ್ನಡಿ ಹಿಡಿದು ಹುಳಗಳನ್ನು ಬೇರೆ ಬೇರೆ ಮಾಡುತ್ತಿದ್ದರು. "ಬಣ್ಣ ನೋಡಿ ಮೋಸ ಓಗ್ಬಾರ್ದು ಕಣೇ. ಮೀಸೇಲಿ ಗಂಟು ಎಷ್ಟವೆ, ಪಾದದಲ್ಲಿ ಗೆಣ್ಣು ಎಷ್ಟವೆ, ಬೆನ್ನ ಮೇಲಿನ ಚುಕ್ಕೆ ಸಾಲು ಎಂಗದೆ, ಅದನ್ನ ನೋಡ್ಬೇಕು" ಎನ್ನುವರು. ಸಂಬಂಧ ಬೆಳೆಸುವ ಮುಂಚೆ ಕುಲ ವಿಚಾರಿಸುವ ಹಾಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಹುಳ ಸಾಯಿಸುವ ಔಷಧಿಯ ಬಾಟಲಿ ಮಾತ್ರ ನನಗೆ ಆಗುತ್ತಿರಲಿಲ್ಲ. ಶನಿವಾರ, ಏಕಾದಶಿ ಅದನ್ನು ಮುಟ್ಟಬೇಡಿ ಎಂದು ಕೇಳಿಕೊಂಡಿದ್ದೆ. ನಡೆಸಿಕೊಟ್ಟರು.

ಒಂದು ವರ್ಷ ಮಳೆ ಹಿಡಿದ ಹೊಸದರಲ್ಲಿ, ಕಾಮಸಮುದ್ರದ ಹತ್ತಿರ ನನ್ನ ತವರಿಗೆ ಹೋಗಿದ್ದಾಗ ಜಾಲಿಮರದಲ್ಲಿ ಒಂದು ಜೀರ್ಜಿಂಬೆ ಸಿಕ್ಕಿತು. ಜೀರ್ಜಿಂಬೆ ಎಂದರೆ ನಮ್ಮ ಕಡೆ ಮಕ್ಕಳು ಬೆಂಕಿಪೊಟ್ಟಣದಲ್ಲಿ ಸಾಕುವ ಹಸಿರು ಹೊಳಪಿನ ಹುಳ. ಇದು ಹಸಿರಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರದ ತಂಬಿಗೆಯ ಬಣ್ಣ. ಗೆಣ್ಣು, ಚುಕ್ಕೆ ಎಲ್ಲವನ್ನೂ ನೋಡಿದ ಮೇಲೆ ಅವರಿಗೆ ಆ ರಾತ್ರಿ ಊಟ ಸೇರಲಿಲ್ಲ. ಯಾರೂ ಇನ್ನೂ ಹೆಸರಿಡದ ಜಾತಿ ಎಂದು ತೋರಿತ್ತು. ಕಲ್ಕತ್ತೆಯಲ್ಲಿ ಇಂಥ ಹುಳಗಳನ್ನೇ ಓದಿಕೊಂಡಿದ್ದ ಪಂಡಿತರೊಬ್ಬರಿಗೆ ಬರೆದರು. ಕಳಿಸಿ ನೋಡೋಣ, ಆದರೆ ಒಂದೇ ಹುಳವನ್ನು ನಂಬಿ ಹೊಸ ಹೆಸರು ಕೊಡಲಾರೆ, ಗೊತ್ತಿರುವ ಜಾತಿಯದ್ದೇ ಬಣ್ಣಗೆಟ್ಟು ಹುಟ್ಟಿರಬಹುದು, ಇನ್ನೊಂದಾದರೂ ಬೇಕು ಎಂದು ಉತ್ತರ ಬಂತು. ಇನ್ನೊಂದು ಸಿಕ್ಕಿದರೆ ಇಷ್ಟು ವರ್ಷ ಬಿಸಿಲಲ್ಲಿ ಅಲೆದದ್ದು ಸಾರ್ಥಕ, ಇಲ್ಲದಿದ್ದರೆ ಇಲ್ಲ. ಮಳೆಗಾಲ ಕಳೆದರೆ ಜೀರ್ಜಿಂಬೆ ಕಣ್ಣಿಗೂ ಬೀಳುವುದಿಲ್ಲ.

ಬಾಟಲಿಯಲ್ಲಿ ಸತ್ತ ಆ ಹುಳಕ್ಕೆ ಸೂಜಿ ಚುಚ್ಚಿದವಳು ನಾನು. ಅವರ ಬೆರಳಿಗೆ ಉಗುರುಸುತ್ತು ಆಗಿ ಬಟ್ಟೆ ಸುತ್ತಿತ್ತು. "ಬಲಗಡೆ ರೆಕ್ಕೆಗೆ ಚುಚ್ಚು, ಪ್ರಪಂಚದಲ್ಲೆಲ್ಲ ಅಂಗೇ ಮಾಡೋದು" ಎಂದರು. ನಾನು ದೇವರನ್ನು ಪೀಠದಲ್ಲಿ ಕೂರಿಸುವ ಅಭ್ಯಾಸದಲ್ಲಿ ಅದರ ಮುಖವನ್ನು ನನ್ನ ಕಡೆಗೆ ಇಟ್ಟುಕೊಂಡು, ನನ್ನ ಬಲಕ್ಕೆ ಚುಚ್ಚಿದೆ. ಅದು ಹುಳದ ಎಡ. ಒತ್ತಿದ ರಭಸಕ್ಕೆ ಒಂದು ಮೀಸೆಯೂ ಅರ್ಧಕ್ಕೆ ಮುರಿಯಿತು. ಅವರು ಹಣೆ ಚಚ್ಚಿಕೊಂಡು ನಕ್ಕರು. "ಓಗ್ಲಿ ಬಿಡು. ತೆಗೆದು ಇನ್ನೊಂದ್ ಕಡೆ ಚುಚ್ಚಿದ್ರೆ ಪುಡಿಯಾಗ್ತದೆ. ನಿನ್ನ ಕೈಗುರುತು ಅಂತ ಇರ್ಲಿ." ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು, ಮೇಲೆ ಬಟ್ಟೆ ಹೊಲಿದು, ಇಬ್ಬರೂ ರೈಲಿನಲ್ಲಿ ಬಂಗಾರಪೇಟೆಗೆ ಹೋಗಿ ಅಲ್ಲಿನ ಅಂಚೆ ಕಚೇರಿಯಲ್ಲಿ ರಿಜಿಸ್ಟರ್ ಮಾಡಿ ಬಂದೆವು.

ಆ ವಾರವೇ ಒಂದು ಸಂಜೆ ಹಿತ್ತಿಲ ತುಳಸಿಗೆ ದೀಪ ಇಡಲು ಹೋದೆ. ಇನ್ನೂ ಬೆಳಕಿತ್ತು. ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದು ಮನೆಯ ಪಾತ್ರೆಗಳು ಸಣ್ಣಗೆ ಅಲುಗಿ ನಿಂತವು. ಅದು ನಮಗೆ ಹೊಸದಲ್ಲ. ದೀಪ ಇಟ್ಟು ತಲೆಯೆತ್ತಿದರೆ, ಕಟ್ಟೆಯ ರಂಗೋಲಿಯ ಮೇಲೆ ತಾಮ್ರದ ಬಣ್ಣದ ಜೀರ್ಜಿಂಬೆ ನಡೆಯುತ್ತಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. "ಏನೂಂದ್ರೆ, ಬನ್ನಿ ಬೇಗ! ನಿಮ್ಮ ಎರಡನೇದು ಮನೇಗೇ ಬಂದದೆ!" ಎಂದು ಕೂಗಿ, ಅದನ್ನು ಅಂಗೈಗೆ ಎತ್ತಿಕೊಂಡೆ. ಆಮೇಲೆ ಸರಿಯಾಗಿ ನೋಡಿದೆ. ಎಡರೆಕ್ಕೆಯಲ್ಲಿ ಸೂಜಿಯಷ್ಟು ಸಣ್ಣ ತೂತು. ಒಂದು ಮೀಸೆ ಅರ್ಧ.

ಅವರು ಭೂತಗನ್ನಡಿಯನ್ನೂ ಬಾಟಲಿಯನ್ನೂ ಹಿಡಿದುಕೊಂಡೇ ಓಡಿಬಂದರು. ತುಂಬ ಹೊತ್ತು ನೋಡಿದರು. ಹುಳವನ್ನು ಬೆರಳಲ್ಲಿ ಎತ್ತಿ ಹಿಡಿದಾಗ ಆ ತೂತಿನಲ್ಲಿ ದೀಪದ ಬೆಳಕು ಈ ಕಡೆಗೆ ಕಾಣುತ್ತಿತ್ತು. ಹುಳ ಮಾತ್ರ ಏನೂ ಆಗದಂತೆ ಕಾಲಾಡಿಸುತ್ತಿತ್ತು.

"ಜಾಲಿಮುಳ್ಳು ಚುಚ್ಚಿರ್ಬೇಕು" ಎಂದರು.

"ಮೀಸೆ?" ಎಂದೆ.

ಅವರು ಬಾಟಲಿಯ ಬಿರಡೆ ತೆಗೆದರು. "ಇದು ಅದೇ ಆಗಿದ್ರೆ ಎರಡನೇದು ಅನ್ನಕ್ಕಾಗಲ್ಲ. ಬೇರೇದಾದ್ರೆ..." ಎಂದು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದರು. "ನೀನೇನಂತೀಯ?"

ಅದೊಂದು ಬಾಟಲಿಗೆ ಬಿದ್ದರೆ ಅವರ ಆಸೆ ಕೈಗೂಡಿದಂತೆ. ನನಗದು ಗೊತ್ತಿತ್ತು. ಆದರೂ, "ಒಂದ್ ಸಲ ಸತ್ತಿರೋದನ್ನ ಇನ್ನೊಂದ್ ಸಲ ಎಂಗೆ ಸಾಯಿಸ್ತೀರಾ?" ಎಂದೆ. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂತು.

ಅವರು ಬಿರಡೆ ಮುಚ್ಚಿ ಹುಳವನ್ನು ತುಳಸಿಯ ಮೇಲೆ ಬಿಟ್ಟರು. ಅದು ಕೊನೆಯವರೆಗೂ ಹತ್ತಿ, ರೆಕ್ಕೆ ಬಿಚ್ಚಿ, ಗಣಿಯ ಹುಡಿಮಣ್ಣು ಸುರಿದ ಸಯನೈಡ್ ದಿಬ್ಬದ ಕಡೆಗೆ ಹಾರಿಹೋಯಿತು.

ಕೆಲವು ವಾರಕ್ಕೆ ಕಲ್ಕತ್ತೆಯಿಂದ ಕಾಗದ ಬಂತು. ಡಬ್ಬಿ ಬರಿದಾಗಿತ್ತು ಎಂದು ಬರೆದಿರುತ್ತಾರೆ ಎಂದೇ ನಾವಿಬ್ಬರೂ ಒಳಗೊಳಗೆ ಎಣಿಸಿದ್ದೆವು. ಹಾಗಿದ್ದಿದ್ದರೆ ಹುಳ ಪೂರ್ತಿ ಸತ್ತಿರಲಿಲ್ಲ, ದಾರಿಯಲ್ಲಿ ತಪ್ಪಿಸಿಕೊಂಡಿತು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಹುಳ ಸುರಕ್ಷಿತವಾಗಿ ತಲುಪಿತ್ತು, ಸೂಜಿಯಲ್ಲೇ ಇತ್ತು. ವಿಜ್ಞಾನ ಹೇಳಿಕೊಡುವವರು ಎಡಕ್ಕೆ ಚುಚ್ಚಬಹುದೇ ಎಂದು ಪಂಡಿತರು ಬೈದಿದ್ದರು. ಜಾತಿ ಹೊಸದೇ ಇದ್ದೀತು, ಇನ್ನೊಂದು ಬರುವವರೆಗೆ ಹೆಸರಿಲ್ಲದೆ ಪೆಟ್ಟಿಗೆಯಲ್ಲಿರಲಿ ಎಂದು ಮುಗಿಸಿದ್ದರು. ಯಜಮಾನರು ಕಾಗದ ಮಡಚಿಟ್ಟು ಕಾಫಿ ಕೇಳಿದರು. ನಿನ್ನ ಮಾತು ಕೇಳಿ ಎರಡನೆಯದನ್ನು ಬಿಟ್ಟೆ ಎಂಬ ಒಂದು ಮಾತು ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ನಾನು ಮರೆಯದ ಉಪಕಾರ ಅದು.

ಅರವತ್ತರ ದಶಕದುದ್ದಕ್ಕೂ ಪ್ರತಿ ಮಳೆಗಾಲ ಅವರು ಆ ಜಾಲಿಮರಕ್ಕೆ ಹೋದರು. ಅಂಥದ್ದು ಇನ್ನೊಂದು ಸಿಗಲಿಲ್ಲ. ಕೆಲವು ಸಲ ನಾನೂ ಜೊತೆಗೆ ಹೋಗಿ ಕೊಂಬೆ ಬಡಿದೆ. ಉದುರಿದ ಹುಳಗಳಲ್ಲಿ ಯಾವುದನ್ನೇ ಎತ್ತಿಕೊಂಡರೂ ಅವರು ಗೆಣ್ಣು, ಮೀಸೆ ಎಣಿಸುವ ಮೊದಲು ಎಡರೆಕ್ಕೆ ನೋಡುತ್ತಿದ್ದರು. ನಾನು ಕಂಡೂ ಕಾಣದಂತೆ ಇರುತ್ತಿದ್ದೆ.

ಅಂದು ಕಂಡದ್ದು ಏನು ಎಂದು ಅವರಿಗೂ ಹೇಳಲಾಗಲಿಲ್ಲ, ನನಗೂ ಆಗುತ್ತಿಲ್ಲ. ನಾನೊಬ್ಬಳೇ ನೋಡಿದ್ದರೆ ಕಣ್ಣಿನ ದೋಷ ಎನ್ನುತ್ತಿದ್ದೆ. ಕೈಯಲ್ಲಿ ಕೋಲು ಹಿಡಿದು ಆ ಮರದ ಕೆಳಗೆ ನಿಂತಾಗಲೆಲ್ಲ ದೇವರನ್ನು ನೆನೆಯುತ್ತಿದ್ದೆ. ಆದರೆ ಸಿಗಲಿ ಎಂದು ಕೇಳಲೂ ಬಾಯಿ ಬರಲಿಲ್ಲ, ಸಿಗದಿರಲಿ ಎಂದು ಕೇಳಲೂ ಬರಲಿಲ್ಲ. ಸುಮ್ಮನೆ ಕೊಂಬೆ ಬಡಿಯುತ್ತಿದ್ದೆ.