ಡಿಶ್ ಮೇಲಿನ ಮಡಿಸೀರೆ

ಗುಜರಿಯವನನ್ನು ನಾನೇ ತಾರಸಿಗೆ ಕರೆತಂದೆ. ಹಾಲಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಸೆಟ್‌ಟಾಪ್ ಬಾಕ್ಸ್ ಆಗಲೇ ಅವನ ಚೀಲ ಸೇರಿತ್ತು. ತುಕ್ಕು ಹಿಡಿದ ಡಿಶ್ ಒಂದು ಬಾಕಿ. ಈಗಿನ ಟಿವಿಗೆ ಇವೆರಡೂ ಬೇಡ. ಅವನು ಸ್ಪ್ಯಾನರ್ ತೆಗೆದದ್ದೇ ತಡ, ಆ ಆಷಾಢದ ಸಂಜೆ ನೆನಪಾಯಿತು ನೋಡಿ.

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಮೊದಲು ಡಿಶ್ ಹಾಕಿಸಿದವರು ನಾವು. ಕೇಬಲ್ಲಿನ ಮಸುಕು ಹೋಗಿ, ವಾರ್ತೆ ಓದುವಾಕೆಯ ಓಲೆಯ ಹರಳೂ ಕಾಣತೊಡಗಿದಾಗ ಉಪಗ್ರಹ ಹಾರಿಸಿದವನೇ ನಾನು ಎಂಬಂತೆ ಬೀಗಿದೆ. ಆಗ ಕಾಲೇಜು, ಯಾರೂ ಕೇಳದಿದ್ದರೂ ಸಿಗ್ನಲ್ ಎಂದರೇನೆಂದು ವಿವರಿಸುತ್ತಿದ್ದೆ. ಅಜ್ಜಿ ಮಾತ್ರ, "ಅದೆಲ್ಲಾ ಇರ್ಲಿ, ನನ್ನ ಹಗ್ಗದ ತಂಟೆಗೆ ಬರ್ಬೇಡ," ಎಂದಿದ್ದಳು. ತಾರಸಿಯ ಹಗ್ಗ ಅವಳ ಮಡಿಸೀರೆಯದು. ಮರುದಿನ ಪೂಜೆಗೆ ಉಡುವ ಆ ಸೀರೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ನನ್ನ ಮೊಣಕೈ ತಗುಲಿತೆಂದು ಪುನಃ ನೆನೆಸಿ ಒಗೆದಿದ್ದಳು. ನನ್ನನ್ನು ಒಗೆಯುವುದೊಂದು ಬಾಕಿ ಇತ್ತು.

ಆ ಸಂಜೆ ಟಿವಿಯಲ್ಲಿ ಅತ್ತೆಯ ಹಾಡು. ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದಳು. ಬೀದಿಯ ಮಕ್ಕಳಿಗೆಲ್ಲ ಸಂಗೀತ ಕಲಿಸಿದವಳು ಎಂದೂ ವೇದಿಕೆ ಹತ್ತಿರಲಿಲ್ಲ. ಹೇಗೋ ಒಂದು ಚಾನೆಲ್‌ನವರು ಕರೆದು ಹಾಡಿಸಿದ್ದರು. ಪ್ರಸಾರ ಒಂದೇ ಸಲ. ರೆಕಾರ್ಡ್ ಮಾಡುವ ವಿದ್ಯೆ ನಮ್ಮ ಬಾಕ್ಸಿಗೆ ಗೊತ್ತಿರಲಿಲ್ಲ. ನೆರೆಹೊರೆಯವರೆಲ್ಲ ಹಾಲಿನಲ್ಲಿ ಸೇರಿದ್ದರು. ಅತ್ತೆ ತೆರೆಯ ಮೇಲೆ ಬಂದಳು, ಬಾಯಿ ತೆರೆದಳು, ಹಾಗೇ ನಿಂತುಬಿಟ್ಟಳು! ಮುಖ ಚೌಕ ಚೌಕವಾಗಿ ಒಡೆದು, ಆಮೇಲೆ ಬರೀ ನೀಲಿ ಪರದೆ. ಸಿಗ್ನಲ್ ಇಲ್ಲ.

ತಾರಸಿಗೆ ಓಡಿದೆ. ಗಾಳಿಗೆ ಹಾರಿದ ಒದ್ದೆ ಮಡಿಸೀರೆ ಡಿಶ್ಶನ್ನು ಪೂರ್ತಿ ಸುತ್ತಿಕೊಂಡಿತ್ತು. ಚಾಚಿದ ಕೈ ತಾನಾಗಿ ಹಿಂದೆ ಬಂತು. ಬೆಳಕಿಂಡಿಗೆ ಬಗ್ಗಿ ಕೂಗಿದೆ: "ಅಜ್ಜೀ, ನಿನ್ನ ಮಡಿಸೀರೆ ಡಿಶ್ ಮೇಲೆ ಬಿದ್ದಿದೆ! ಕೋಲು ಕಳ್ಸು!"

ಕೆಳಗೆ ಅಪ್ಪ ಕೋಲಿಗಾಗಿ ತಡಕಾಡುವ ಸದ್ದು. ಅದರ ನಡುವೆ ಅತ್ತೆಯ ಸಣ್ಣ ದನಿ: "ಹೋಗ್ಲಿ ಬಿಡಮ್ಮ. ಅಷ್ಟರಲ್ಲಿ ಮುಗ್ದೇ ಹೋಗಿರತ್ತೆ."

ಅಜ್ಜಿ ಗುಡುಗಿದಳು: "ಮುಟ್ಟೋ! ಕಿತ್ತು ಬಿಸಾಕೋ ಅದನ್ನ! ಸೀರೆ ಇನ್ನೊಂದ್ಸಲ ಒಗ್ಕೋತೀನಿ. ಇವಳ ಹಾಡು ಇನ್ನೊಂದ್ಸಲ ಬರತ್ತೇನೋ?"

ಎರಡೂ ಕೈಯಲ್ಲಿ ಎಳೆದೆ. ಬೆಳಕಿಂಡಿಯಿಂದ ಅತ್ತೆಯ ಕೊನೆಯ ಚರಣ ಮೇಲೇರಿ ಬಂತು. ಕೆಳಗಿಳಿಯಲು ಮನಸ್ಸಾಗಲಿಲ್ಲ, ಒದ್ದೆ ಸೀರೆ ಅಪ್ಪಿಕೊಂಡು ಅಲ್ಲೇ ನಿಂತು ಕೇಳಿದೆ. ಅಂಥ ಸಂಭ್ರಮ ಆಮೇಲೆ ಯಾವ ಹೊಸ ಟಿವಿಯೂ ಕೊಟ್ಟಿಲ್ಲ.

ಗುಜರಿಯವನು ಬೋಲ್ಟಿಗೆ ಸ್ಪ್ಯಾನರ್ ಸಿಕ್ಕಿಸಿದ್ದ. ಬೇಡ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅದೇ ಬೆಳಕಿಂಡಿಯಿಂದ ಅತ್ತೆ ಕೂಗಿದಳು. ಈಗ ಅವಳದೂ ಥೇಟ್ ಅಜ್ಜಿಯ ದನಿ.

"ರೀ, ಅದನ್ನ ಮುಟ್ಬೇಡ್ರಿ!"