ದಗಡಿಪಾಲಾ ಕಾಕಾ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಸಾಬೂನು ಹಚ್ಚಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಒಂದು ಗೆರೆ ಉಳಿದೇ ಇರುತ್ತಿತ್ತು. ಊಟಕ್ಕೆ ಕೂತಾಗ ಅವರ ಹೆಂಡತಿ, ನಮಗೆಲ್ಲ ಕಾಕು, ಅದನ್ನು ನೋಡಿ ಮುಖ ಸಿಂಡರಿಸುತ್ತಿದ್ದರು. ಕಾಕಾ ಭಾಲ್ಕಿ ಕಡೆಯವರು. ಮಹಾರಾಷ್ಟ್ರದ ಸಂಭಾಜಿನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕುಡುಗೋಲು, ಕೊಡಲಿ, ಕಳೆ ತೆಗೆಯುವ ಖುರ್ಪಿ ಮಾರುವ ಅಂಗಡಿ ಅವರದು. ಅಂಗಡಿಯ ಮೇಲೆ ಅವರ ಮನೆ, ಅದರ ಪಕ್ಕದ ಎರಡು ಕೋಣೆಗಳಲ್ಲಿ ಬಾಡಿಗೆಗೆ ನಾವು. ನನ್ನ ಗಂಡನನ್ನು ಬ್ಯಾಂಕಿನವರು ಅಲ್ಲಿಗೆ ವರ್ಗ ಮಾಡಿದ್ದರು. ನಾನು ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ.

ವೈಜಾಪುರದ ಕಡೆಯಿಂದ ಬರುವ ರೈತರು ಕುಡುಗೋಲು ಕೊಳ್ಳುವ ಮೊದಲು ಬೆರಳಿನಿಂದ ಅಲಗು ಸವರಿ ನೋಡುತ್ತಾರೆ. ದಿನಕ್ಕೊಬ್ಬನಾದರೂ ಬೆರಳು ಕೊಯ್ದುಕೊಳ್ಳುತ್ತಿದ್ದ. ಕಾಕಾಗೆ ಅದು ಮಾಲು ಚೆನ್ನಾಗಿದೆ ಎನ್ನುವ ಸರ್ಟಿಫಿಕೇಟು. ಓಣಿಯ ಗೋಡೆಬುಡದಲ್ಲಿ ಬೆಳೆದ ದಗಡಿಪಾಲಾ ಎಂಬ ಗಿಡದ ನಾಲ್ಕೆಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಹೆಬ್ಬೆರಳಿನಿಂದ ಒತ್ತಿ ರಸವನ್ನು ಗಾಯಕ್ಕೆ ಹಿಂಡುತ್ತಿದ್ದರು. ರಕ್ತ ನಿಲ್ಲುತ್ತಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ. ಒರಟು ಎಲೆ, ಉದ್ದ ತೊಟ್ಟಿನ ತುದಿಗೆ ಒಂದೇ ಒಂದು ಸಣ್ಣ ಹೂವು. ಕಡಲಾಚೆಯಿಂದ ಬಂದು ನಮ್ಮ ಹೊಲಗಳನ್ನು ಆಕ್ರಮಿಸಿದ ಕಳೆ ಎಂದು ಅದನ್ನೇ ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಅದನ್ನು ಕೀಳಲು ಖುರ್ಪಿ ಮಾರುವವರೂ ನೀವೇ, ಅದನ್ನೇ ಔಷಧ ಎಂದು ಹಚ್ಚುವವರೂ ನೀವೇ ಎಂದು ನಾನು ಚುಡಾಯಿಸಿದರೆ ಕಾಕಾ ಕಪಾಟಿನ ಮೇಲಿನ ಧೂಳು ಒರೆಸುತ್ತಾ ಹೇಳುತ್ತಿದ್ದರು: "ಹೊರಗಿಂದ ಬಂದದ್ದೆಲ್ಲಾ ಕೆಟ್ಟೇನ್ರಿ ಅಕ್ಕೋರ? ನಾವೂ ಹೊರಗಿನವರೇ ಅಲ್ರಿ ಇಲ್ಲಿ."

ಕಲಿಸುವವಳು ಎಂದು ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ಅವರಿಗಿಂತ ಇಪ್ಪತ್ತೈದು ವರ್ಷ ಚಿಕ್ಕವಳಾದ ನನಗೆ ಆ ಮಾತು ಕೇಳಲು ಹಿತವಾಗಿರುತ್ತಿತ್ತು. ಒಂದು ದಿನ, ದಗಡಿಪಾಲಾ ಬಗ್ಗೆ ನಿಮ್ಮ ಸಾಯನ್ಸ್ ಏನು ಹೇಳುತ್ತದೋ ಹುಡುಕಿ ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿದರು. ಮರಾಠಿ ಅವರ ಬಾಯಲ್ಲಿ ಸಲೀಸು, ಆದರೆ ಓದಿ ಅರಗಿಸಿಕೊಳ್ಳಲು ಅವರಿಗೆ ಕನ್ನಡವೇ ಬೇಕು. ನಾನು ಒಂದು ವಾರ ಕಾಲೇಜಿನ ಲೈಬ್ರರಿಯಲ್ಲಿ ಕೂತು ಸಂಶೋಧನಾ ಲೇಖನಗಳನ್ನು ಓದಿದೆ. ಒಂದು ಹಾಳೆಯ ಮುಂಬದಿಯಲ್ಲಿ, ಎಲೆಯ ಸತ್ವ ಹಚ್ಚಿದ ಇಲಿಗಳ ಗಾಯ ಬೇಗ ಮಾಯ್ದಿದೆ, ಗಾಜಿನ ತಟ್ಟೆಯಲ್ಲಿ ಕೆಲವು ರೋಗಾಣುಗಳು ಬೆಳೆಯದೆ ನಿಂತಿವೆ ಎಂದು ಬರೆದೆ. ಹಿಂಬದಿಯಲ್ಲಿ, ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ತೀರಾ ಕಡಿಮೆ, ಎಷ್ಟು ಹಚ್ಚಬೇಕೆಂಬುದು ಗೊತ್ತಿಲ್ಲ, ಶುಗರ್ ಇದ್ದವರ ಗಾಯಕ್ಕೆ ಇದನ್ನು ನಂಬಬಹುದು ಎನ್ನಲು ಆಧಾರ ಸಾಲದು ಎಂದು ಬರೆದೆ. ಕಾಕಾಗೆ ಬಹಳ ವರ್ಷಗಳಿಂದ ಶುಗರ್ ಇತ್ತು. ಅದು ಗೊತ್ತಿದ್ದೂ ಅಷ್ಟು ಮೆತ್ತಗೆ ಬರೆದೆ. ಅವರ ಸಂತೋಷ ಕೆಡಿಸಬಾರದೆಂಬ ದಾಕ್ಷಿಣ್ಯ ಅರ್ಧ, ನಾನು ಕಲಿತ ಭಾಷೆಯೇ ಅಂಥದು ಎನ್ನುವುದು ಇನ್ನರ್ಧ.

ಕಾಕಾ ಮೈದಾ ಹಿಟ್ಟಿನ ಅಂಟು ಕುದಿಸಿ ಆ ಹಾಳೆಯನ್ನು ಗಲ್ಲಾದ ಹಿಂದಿನ ಗೋಡೆಗೆ ಅಂಟಿಸಿದರು. ಹಿಂಬದಿ ಗೋಡೆ ಪಾಲಾಯಿತು. ಅಂಗಡಿಗೆ ಬರುವ ಒಬ್ಬ ಗಿರಾಕಿಗೂ ಕನ್ನಡ ಬಾರದು. ಕಾಕಾ ಕನ್ನಡಕ ಏರಿಸಿ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ಮರಾಠಿಯಲ್ಲಿ ಅರ್ಥ ಹೇಳುತ್ತಿದ್ದರು. ಇಲಿ ಬಂದ ಕಡೆ ಮಾತ್ರ ಹಾರಿಸಿಬಿಡುತ್ತಿದ್ದರು. ಅದೇಕೆ ಎಂದು ಕೇಳಿದ್ದಕ್ಕೆ, ಇಲಿಯ ಔಷಧ ಅಂದರೆ ಮಂದಿಗೆ ಬೇಜಾರಾಗುತ್ತದೆ ಎಂದರು. ನಾನು ನಕ್ಕೆ. ನನ್ನ ಕೈಬರಹ ಗೋಡೆ ಏರಿದ್ದು ನನಗೆ ಹೆಮ್ಮೆಯಾಗಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

ಮುಂದೆ ನಮಗೆ ನಾಸಿಕಕ್ಕೆ ವರ್ಗವಾಯಿತು. ಹೋದ ವರ್ಷದ ಮಳೆಗಾಲದಲ್ಲಿ ಕಾಕು ಫೋನು ಮಾಡಿದರು. ಹೊಸ ಚಪ್ಪಲಿ ಕಚ್ಚಿ ಕಾಕಾನ ಕಾಲ್ಬೆರಳಿಗೆ ಗಾಯವಾಗಿದೆ, ಮೂರು ವಾರದಿಂದ ಎಲೆ ಕಟ್ಟುತ್ತಿದ್ದಾರೆ, ಯಾರ ಮಾತೂ ಕೇಳುವುದಿಲ್ಲ, ನಿಮ್ಮ ಮಾತಾದರೆ ಕೇಳುತ್ತಾರೆ ಎಂದರು. ಮರುದಿನವೇ ಬಸ್ಸು ಹಿಡಿದೆ. ಅಂಗಡಿಯ ಮೆಟ್ಟಿಲ ಮೇಲೆಯೇ ವಾಸನೆ ಬಡಿಯಿತು. ಬಟ್ಟೆ ಬಿಚ್ಚಿದರೆ ಕಾಲಿನ ಹೆಬ್ಬೆರಳು ಕಪ್ಪಾಗಿ ಪಾದದವರೆಗೆ ಬಾವು ಬಂದಿತ್ತು. ನೋವೇ ಇಲ್ಲ, ಮಾಯುತ್ತಿದೆ ಎಂದು ಕಾಕಾ ಸಮಾಧಾನ ಹೇಳಿದರು. ನೋವು ತಿಳಿಯದಿರುವುದೇ ಆ ಕಾಯಿಲೆಯ ಕೆಟ್ಟತನ ಎಂದು ನಾನು ರೇಗಿದೆ. ಹಾಳೆಯ ಹಿಂಬದಿ ಓದಲೇ ಇಲ್ಲವೇ ಎಂದು ಕೇಳಿದೆ.

"ಓದೇ ಹಚ್ಚೀನ್ರಿ," ಎಂದರು ಕಾಕಾ. "ಗೊತ್ತಿಲ್ಲ ಅಂತ ಬರದೀರಿ, ಆಧಾರ ಸಾಲದು ಅಂತ ಬರದೀರಿ. ಬ್ಯಾಡ ಅಂತ ಎಲ್ಲಿ ಬರದೀರಿ?"

ನಾನು ಕೈಮುಗಿದು, ಬೇಡ ಕಾಕಾ, ಈಗ ಹೇಳುತ್ತಿದ್ದೇನೆ, ನಡೆಯಿರಿ ಎಂದೆ. ಅವರು ತಕ್ಷಣ ಎದ್ದು ಅಂಗಿ ಹಾಕಿಕೊಂಡರು. ಅಷ್ಟು ಸುಲಭವಾಗಿ ಎದ್ದರಲ್ಲ, ಅದನ್ನು ಇವತ್ತಿಗೂ ಮರೆಯಲಾಗಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು, ತಡವಾಗಿ ಕರೆತಂದಿರಿ ಎಂದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು. ನಂಜು ಆಗಲೇ ರಕ್ತಕ್ಕೆ ಇಳಿದಿತ್ತು. ಪಟ್ಟಿ ಕಟ್ಟಲು ಬಂದ ನರ್ಸಿಗೆ ಕಾಕಾ ನನ್ನನ್ನು ತೋರಿಸಿ, ಇವರು ನಮ್ಮ ಅಕ್ಕೋರು, ದೊಡ್ಡ ಸಾಯನ್ಸಿನವರು ಎಂದು ಮರಾಠಿಯಲ್ಲಿ ಪರಿಚಯ ಮಾಡಿಕೊಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂಬತ್ತನೇ ದಿನ ಹೋಗಿಬಿಟ್ಟರು.

ಮಣ್ಣು ಮುಗಿದು ವಾರದ ಮೇಲೆ ಕಾಕುವನ್ನು ನೋಡಲು ಹೋದೆ. ಅಂಗಡಿಯಲ್ಲಿ ಅಳಿಯ ಕೂತಿದ್ದ. ಗಿರಾಕಿಗಳು ಈಗಲೂ ಬೆರಳು ಕೊಯ್ದುಕೊಳ್ಳುತ್ತಿದ್ದರು, ಈಗಲೂ ಗೋಡೆಬುಡದ ಎಲೆ ಕೀಳುತ್ತಿದ್ದರು. ಶುಗರ್ ಇದ್ದವರಿಗೆಂದು ಇನ್ನೊಂದು ಹಾಳೆ ಬರೆದುಕೊಡಿ, ಎಲ್ಲರೂ ಓದುವ ಹಾಗೆ ಮರಾಠಿಯಲ್ಲಿ ಬರೆಯಿರಿ ಎಂದು ಕಾಕು ಕೇಳಿದರು. ಎಲೆಯಿಂದಲೇ ಸತ್ತರು ಎನ್ನಲು ಯಾವ ಲೇಖನವೂ ನನ್ನ ಕೈಯಲ್ಲಿರಲಿಲ್ಲ. ಕಾಲ ಕಳೆದದ್ದರಿಂದ ಸತ್ತರು, ಆ ಕಾಲವನ್ನು ಕಳೆಯಲು ಧೈರ್ಯ ಕೊಟ್ಟದ್ದು ನನ್ನ ಹಾಳೆ. ಅಲ್ಲೇ ಗಲ್ಲಾದ ಮೇಲೆ ಕಾಗದವಿಟ್ಟು ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದೆ. ಕಾಕುಗೆ ಮರಾಠಿ ಓದಲು ಬಾರದು. ಕನ್ನಡದಲ್ಲಿ ಓದಿ ಹೇಳಿದೆ: ಶುಗರ್ ಇದ್ದವರಿಗೆ ಈ ಎಲೆ ಬೇಡ, ಗಾಯವಾದ ದಿನವೇ ಡಾಕ್ಟರ ಹತ್ತಿರ ಹೋಗಿ.

ಕಾಕು ಹಾಳೆಯನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ.

"ಇಷ್ಟೇ ಏನ್ರಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇಷ್ಟನ್ನ ಅವ್ರಿಗೆ ಆವಾಗೇ ಬರದ ಕೊಟ್ಟಿದ್ರ ಕೇಳತಿದ್ರಲ್ರಿ, ನಿಮ್ಮ ಮಾತು."