ನಾನು ಸಹಿ ಹಾಕಿದ ಮಾತು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಇಚಿಲಂಪಾಡಿಯ ಆಚೆ, ಹೊಳೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಟೀಚರಾಗಿದ್ದೆ. ನನಗಾಗ ಇಪ್ಪತ್ತೆರಡು ವರ್ಷ. ತವರು ಕಾಸರಗೋಡಿನ ಕಡೆ. ಮನೆಯೊಳಗೆ ಕನ್ನಡ, ಬೇಲಿಯ ಆಚೆ ಮಲಯಾಳ. ಹಾಗಾಗಿ ಎರಡೂ ಬರುತ್ತಿತ್ತು. ಕೇರಳದಿಂದ ಬಂದ ಕ್ರೈಸ್ತ ಕುಟುಂಬಗಳು ಆಗಷ್ಟೇ ಅಲ್ಲಿನ ಗುಡ್ಡಗಳಲ್ಲಿ ಮರಗೆಣಸು, ರಬ್ಬರು ಹಾಕತೊಡಗಿದ್ದವು. ಅವರಿಗೆ ತುಳು ಬಾರದು, ಕನ್ನಡ ಬಾರದು. ಅಂಗಡಿಯಲ್ಲೋ ಪಟೇಲರ ಜಗಲಿಯಲ್ಲೋ ಮಾತು ತೊಡಕಾದರೆ ನನ್ನನ್ನು ಕರೆಯುತ್ತಿದ್ದರು. ನನಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಕುಟುಂಬಗಳಲ್ಲೊಂದರ ಹುಡುಗಿ ನನ್ನ ಒಂದನೇ ತರಗತಿಯಲ್ಲಿದ್ದಳು. ಅವಳನ್ನು ಶಾಲೆಗೆ ಬಿಡಲು ತಾಯಿ ದಿನಾ ಬರುತ್ತಿದ್ದಳು. ಬಿಳಿ ರವಿಕೆ, ಬಿಳಿ ಮುಂಡು, ಸೊಂಟದ ಮೇಲೆ ಒಂದೂಕಾಲು ವರ್ಷದ ಗಂಡುಮಗು. ನನಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳಿರಬೇಕು. ಮಾತು ಬಹಳ ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಟ್ಟು, ತಲೆ ತಗ್ಗಿಸಿ ಹೋಗುವವಳು. ಊರಿನ ಹೆಂಗಸರು ಅದನ್ನು ಜಂಬ ಎಂದುಕೊಂಡಿದ್ದರು.

ದೊಡ್ಡ ರಜೆಗೆ ಎರಡು ವಾರ ಉಳಿದಿತ್ತು. ಒಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಹೊಳೆಯ ಕಡೆಯಿಂದ ಕೂಗು ಕೇಳಿತು. ನಾವು ಓಡಿದೆವು. ತಲೆಯ ಮೇಲೆ ಸುಡುವ ಬಿಸಿಲು. ಹೊಳೆಯಲ್ಲಿ ಮಾತ್ರ ಕೆಂಪು ನೀರು ಕಸಕಡ್ಡಿ ಹೊತ್ತು ಏರುತ್ತಿತ್ತು. ಘಟ್ಟದಲ್ಲಿ ಮಳೆ ಹೊಡೆದರೆ ನಮ್ಮಲ್ಲಿ ಹನಿ ಬೀಳದಿದ್ದರೂ ಹೊಳೆ ಹೀಗೆ ಏರುತ್ತದೆ. ಊರಿನವರಿಗೆ ಅದು ಗೊತ್ತು. ಬಂದು ಎರಡು ವರ್ಷವಾದವರಿಗೆ ಯಾರು ಹೇಳಿದ್ದರು?

ಆಕೆ ದಡದಲ್ಲಿ ನಿಂತಿದ್ದಳು. ಎದೆಯವರೆಗೆ ಒದ್ದೆ. ಕಾಲ ಬಳಿ ಒಗೆದ ಬಟ್ಟೆಯ ಗಂಟು. ಹೊಳೆಯ ನಡುವೆ ದಿನಾ ಬಟ್ಟೆ ಒಗೆಯುತ್ತಿದ್ದ ಬಂಡೆ ಕಾಣುತ್ತಿರಲಿಲ್ಲ. ಮಗು ಆ ಬಂಡೆಯ ಮೇಲಿತ್ತಂತೆ.

ಗಂಡಸರು ದಡದುದ್ದಕ್ಕೂ ಓಡಿದರು. ಆಕೆ ಕದಲಲಿಲ್ಲ. ನೀರನ್ನೇ ನೋಡುತ್ತ ನಿಂತಿದ್ದಳು. ನನ್ನ ಹಿಂದೆ ಅಂಗಡಿಯ ಯಜಮಾನರ ಸ್ವರ ಕೇಳಿತು.

"ಕಣ್ಣಲ್ಲಿ ಒಂದು ಹನಿ ನೀರಿಲ್ಲ ಮಾರಾಯ್ರೆ. ಹೆತ್ತವಳಾ ಅದು?"

"ಗಂಟು ದಡಕ್ಕೆ ಬಂತು, ಮಗು ಬರ್ಲಿಲ್ಲ. ಎಂತ ಲೆಕ್ಕ ಇದು?" ಎಂದಳು ಒಬ್ಬ ಹೆಂಗಸು.

ಕತೆ ಅಲ್ಲಿಂದಲೇ ಶುರುವಾಯಿತು. ಮಗುವಿನ ಹೆಣ ಎರಡನೆಯ ದಿನ ಹೊಳೆಯ ಕೆಳಗೆ ಮರದ ಬೇರಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಗಂಡ ಹೆಂಡತಿಗೆ ಜಗಳವಿತ್ತು ಎಂದು ಒಬ್ಬರು. ಆ ಮಗುವಿನ ಮುಖ ಅಪ್ಪನ ಹಾಗಿರಲಿಲ್ಲ ಎಂದು ಇನ್ನೊಬ್ಬರು. ಇದನ್ನೆಲ್ಲ ಹೇಳಿದವರಲ್ಲಿ ಯಾರೂ ಆ ಮನೆಯ ಅಂಗಳಕ್ಕೆ ಕಾಲಿಟ್ಟವರಲ್ಲ.

ಪಟೇಲರು ಪೊಲೀಸರಿಗೆ ತಿಳಿಸಿದರು. ಮರುದಿನ ಸಬ್ ಇನ್ಸ್‌ಪೆಕ್ಟರರು ಬಂದರು. ಹೊಳೆಯ ಬದಿಯಲ್ಲೇ ಮಹಜರು. ನನ್ನನ್ನು ತರಗತಿಯಿಂದ ಕರೆಸಿದರು. ನೂರಕ್ಕೂ ಹೆಚ್ಚು ಜನ ಸುತ್ತುಗಟ್ಟಿ ನಿಂತಿದ್ದರು. ನಡುವೆ ಒಂದು ಕುರ್ಚಿ, ಒಂದು ಮೇಜು, ಎದುರಿಗೆ ಆಕೆ.

"ಮಗು ಹೇಗೆ ನೀರಿಗೆ ಬಿತ್ತು ಕೇಳಿ, ಟೀಚರ್," ಎಂದರು ಇನ್ಸ್‌ಪೆಕ್ಟರರು.

ನಾನು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿ ಎರಡೇ ಪದ ಹೇಳಿದಳು: "ಞಾನಾ ಕಳಞ್ಞದ್."

ಮಲಯಾಳದಲ್ಲಿ ಆ ಮಾತಿಗೆ ಎರಡು ಅರ್ಥ. 'ನಾನೇ ಕಳೆದುಕೊಂಡೆ' ಎಂದೂ ಆಗುತ್ತದೆ, 'ನಾನೇ ಬಿಸಾಡಿದೆ' ಎಂದೂ ಆಗುತ್ತದೆ. ಹೇಳುವವರ ದನಿ ಕೇಳಿದರೆ ಯಾವುದೆಂದು ತಿಳಿಯುತ್ತದೆ. ನನಗೆ ತಿಳಿದಿತ್ತು. ಬಾಯಿ ತೆರೆಯುವ ಮೊದಲೇ ಅಂಗಡಿಯ ಯಜಮಾನರು ಮುಂದೆ ಬಂದರು. ಅವರಿಗೆ ಅಲ್ಪಸ್ವಲ್ಪ ಮಲಯಾಳ ಬರುತ್ತಿತ್ತು.

"ನಾನೇ ಬಿಸಾಡಿದೆ ಅಂತ ಹೇಳಿದ್ದು ಸ್ವಾಮಿ. ಅವಳ ಬಾಯಲ್ಲೇ ಬಂತಲ್ಲ."

ಜನರಿಂದ ಒಂದು ಗುಜುಗುಜು ಎದ್ದಿತು. ಇನ್ಸ್‌ಪೆಕ್ಟರರು ನನ್ನ ಕಡೆ ತಿರುಗಿದರು. "ಹೌದಾ ಟೀಚರ್? ಆ ಪದಕ್ಕೆ ಆ ಅರ್ಥ ಉಂಟಾ?"

"ಉಂಟು," ಎಂದೆ. "ಆದರೆ..."

"ಉಂಟಲ್ಲ, ಸಾಕು." ಅವರು ಬರೆಯತೊಡಗಿದ್ದರು. ಆಮೇಲೆ ಕಾಗದವನ್ನು ನನ್ನ ಮುಂದಿಟ್ಟರು. "ದುಭಾಷಿ ಅಂತ ಇಲ್ಲಿ ಸಹಿ ಮಾಡಿ."

ಅಷ್ಟೂ ಜನ ನನ್ನನ್ನೇ ನೋಡುತ್ತಿದ್ದರು. ಸಹಿ ಹಾಕಿದೆ. ಅದೇ ಸಂಜೆ ಆಕೆಯನ್ನು ಪುತ್ತೂರಿಗೆ ಕರೆದುಕೊಂಡು ಹೋದರು.

ಹುಡುಗಿ ಮೂರು ದಿನ ಬರಲಿಲ್ಲ. ನಾಲ್ಕನೆಯ ದಿನ ಅಪ್ಪ ತಂದು ಬಿಟ್ಟ. ಬೆಂಚಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ, ಮನೆಯಲ್ಲಿ ಹೇಳಿಕೊಟ್ಟಿದ್ದರು. ಊಟದ ಹೊತ್ತಿನಲ್ಲಿ ನಾನು ಅವಳನ್ನು ಹತ್ತಿರ ಕೂರಿಸಿಕೊಂಡು ಅವಳದೇ ಭಾಷೆಯಲ್ಲಿ ಕೇಳಿದೆ, ಅಮ್ಮ ಬಟ್ಟೆ ಒಗೆಯುವಾಗ ತಮ್ಮ ಎಲ್ಲಿರುತ್ತಿದ್ದ ಎಂದು.

"ಬಂಡೆ ಮೇಲೆ. ಅಮ್ಮ ಮೊದಲು ಗಂಟು ದಡದಲ್ಲಿ ಇಟ್ಟು ಬರೋದು. ಆಮೇಲೆ ತಮ್ಮನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬರೋದು."

"ಯಾಕೆ ಹಾಗೆ?"

"ಒಂದು ಸಲ ಎರಡನ್ನೂ ಒಟ್ಟಿಗೆ ತಂದು ಜಾರಿ ಬಿದ್ದಿದ್ರು. ತಮ್ಮನ ಹಣೆ ಒಡೆದಿತ್ತು."

ಫೆಬ್ರವರಿಯಲ್ಲಿ ಆ ಮಗುವಿನ ಹಣೆಯ ಗಾಯಕ್ಕೆ ಕಾಫಿ ಪುಡಿ ಮೆತ್ತಿದ್ದನ್ನು ನಾನೇ ನೋಡಿದ್ದೆ. "ಎಂತಾಯಿತು?" ಎಂದು ಕೇಳಿಯೂ ಇದ್ದೆ, ಬಿದ್ದ ಎಂದಷ್ಟೇ ಹೇಳಿದ್ದಳು. ಎರಡು ಕೈಯೂ ಮಗುವಿಗೇ ಇರಲಿ ಎಂದು ಗಂಟನ್ನು ಮೊದಲು ಸಾಗಿಸಿದವಳು ಆಕೆ. ಊರು ಅದನ್ನೇ ಹಿಡಿದುಕೊಂಡು ಅವಳನ್ನು ಸುಡುತ್ತಿತ್ತು.

ಮುಖ್ಯೋಪಾಧ್ಯಾಯರಲ್ಲಿ ಹೇಳಿದೆ. ಅವರು ಕೆಟ್ಟವರಲ್ಲ, ಹೆದರಿದವರು.

"ಸಹಿ ಹಾಕಿದ್ದು ನೀವೇ ಅಲ್ವಾ? ಈಗ ಬೇರೆ ಹೇಳಿದ್ರೆ ಸುಳ್ಳು ಸಾಕ್ಷಿ ಅಂತ ನಿಮ್ಮನ್ನೇ ಹಿಡಿದಾರು. ಕೆಲಸ ಖಾಯಂ ಸಹ ಆಗ್ಲಿಲ್ಲ ನಿಮ್ದು. ಅವಳು ನಿಮಗೆ ಎಂತ ಆಗ್ಬೇಕು?"

ಆದರೂ ರಜೆ ಶುರುವಾದ ಮರುದಿನ ಬಸ್ಸು ಹಿಡಿದು ಪುತ್ತೂರಿಗೆ ಹೋಗಿ, ಆಕೆಯ ಗಂಡ ಗೊತ್ತು ಮಾಡಿದ್ದ ವಕೀಲರನ್ನು ಕಂಡೆ. ಅವರು ಎಲ್ಲವನ್ನೂ ಕೇಳಿ, "ಇದನ್ನೇ ಕೋರ್ಟಿನಲ್ಲಿ ಹೇಳ್ತೀರಾ?" ಎಂದರು. ಹೇಳುತ್ತೇನೆ ಎಂದೆ.

ಮಂಗಳೂರಿನ ದೊಡ್ಡ ಕೋರ್ಟಿಗೆ ಕಳುಹಿಸುವಂಥ ಕೇಸೇ ಎಂದು ನೋಡಲು ಪುತ್ತೂರಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ ನಡೆಯಿತು. ಅಂದು ಕೋರ್ಟಿನ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯನ್ನಾಗಲೀ ಆಕೆಯನ್ನಾಗಲೀ ಕಂಡಿರದ ಜನ ಕಬಕದಿಂದೆಲ್ಲ ಬಂದಿದ್ದರು. ಪೊಲೀಸರ ಜೊತೆ ಆಕೆ ಮೆಟ್ಟಿಲು ಹತ್ತುವಾಗ ಒಬ್ಬ ಮುದುಕಿ ಕುತ್ತಿಗೆ ಉದ್ದ ಮಾಡಿ, "ನೋಡಿ, ಈಗಲೂ ಅಳುದಿಲ್ಲ," ಎಂದಳು.

ಕಟಕಟೆಯಲ್ಲಿ ನಾನು ಆ ಪದದ ಎರಡೂ ಅರ್ಥ ಹೇಳಿದೆ. ಹಣೆಯ ಗಾಯದ ವಿಷಯ ಹೇಳಿದೆ. ಸರಕಾರಿ ವಕೀಲರು ಎದ್ದರು.

"ಅಂದು ಇದನ್ನು ಯಾಕೆ ಹೇಳಲಿಲ್ಲ?"

"ಹೆದರಿದೆ."

"ಯಾರಿಗೆ? ಪೊಲೀಸರಿಗಾ?"

"ಅಲ್ಲ. ಊರಿನವರಿಗೆ."

ಹಿಂದಿನ ಸಾಲಿನಲ್ಲಿ ಅಂಗಡಿಯ ಯಜಮಾನರಿದ್ದರು. ಅವರ ಕಡೆ ನೋಡಬಾರದೆಂದು ನಾನು ಮೇಜಿನ ಮೇಲಿದ್ದ ಮಸಿಯ ಕಲೆಯನ್ನೇ ನೋಡುತ್ತಿದ್ದೆ. ಮ್ಯಾಜಿಸ್ಟ್ರೇಟರು ಕೇಳಿದರು: "ಒಬ್ಬ ಬಸ್ಸಿನಲ್ಲಿ ಕೊಡೆ ಮರೆತು ಬಂದರೆ ನಿಮ್ಮ ಕಡೆ ಹೇಗೆ ಹೇಳ್ತಾರೆ?"

"ಕುಡ ಕಳಞ್ಞು ಅಂತ ಹೇಳ್ತಾರೆ, ಸ್ವಾಮಿ."

ಅವರು ಕೋರ್ಟಿನ ಹಳೆಯ ಗುಮಾಸ್ತರನ್ನು ನೋಡಿದರು. ಗುಮಾಸ್ತರು ಮಲಯಾಳ ಬಲ್ಲವರು. ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ಮ್ಯಾಜಿಸ್ಟ್ರೇಟರು ಒಬ್ಬೊಬ್ಬ ಸಾಕ್ಷಿಯನ್ನೂ ಒಂದೇ ಪ್ರಶ್ನೆ ಕೇಳಿದರು: ಮಗು ನೀರಿಗೆ ಬೀಳುವುದನ್ನು ನೀವು ಕಂಡಿರಾ? ಯಾರೂ ಕಂಡಿರಲಿಲ್ಲ. ಎಲ್ಲರೂ ಕಂಡದ್ದು ಆಕೆ ಅಳದೆ ನಿಂತದ್ದನ್ನು ಮಾತ್ರ. ಮುಂದಿನ ವಾರ ಆಕೆಯನ್ನು ಬಿಟ್ಟರು.

ಊರಿನಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ. "ವಕೀಲರು ಜೋರಿದ್ದರು" ಎಂದರು. ಅಂಗಡಿಯಲ್ಲಿ ನನಗೆ ಸಾಮಾನು ಕೊಡುವಾಗ ಯಜಮಾನರು ಮಾತಾಡುತ್ತಿರಲಿಲ್ಲ. ಇತರ ಮಕ್ಕಳು ಆ ಹುಡುಗಿಯ ಪಕ್ಕ ಕೂರಲು ಮಳೆಗಾಲ ಕಳೆಯಬೇಕಾಯಿತು.

ನಾನು ಅವರ ಮನೆಗೆ ಹೋದದ್ದು ಜೂನಿನಲ್ಲಿ. ಆಕೆ ಮರಗೆಣಸಿನ ಪಾತಿಗೆ ಮಣ್ಣು ಏರಿಸುತ್ತಿದ್ದಳು. ಕೈ ತೊಳೆದು ಬಂದು ಕರಿ ಚಹಾ ಕೊಟ್ಟಳು. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅವಳೇ ಕೇಳಿದಳು.

"ಟೀಚರ್, ಅವತ್ತು ನಾನು ಹೇಳಿದ್ದು ನಿಮಗೆ ಸರಿಯಾಗಿ ಅರ್ಥವಾಗಿತ್ತು ಅಲ್ಲವಾ?"

"ಆಗಿತ್ತು."

"ನನಗೂ ಹಾಗೆ ಅನ್ನಿಸಿತ್ತು. ನಿಮ್ಮ ಮುಖದಲ್ಲಿ ಕಂಡಿತ್ತು," ಎಂದಳು. "ಅದಕ್ಕೇ ಹೆಚ್ಚು ಹೇಳಲಿಲ್ಲ. ನಿಮಗೆ ಗೊತ್ತಾಗಿದೆಯಲ್ಲ, ಸಾಕು ಅಂದುಕೊಂಡೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಚಹಾ ಮುಗಿಸಿದೆ. ಅವಳು ಲೋಟ ಒಳಗಿಟ್ಟು ಬಂದು, ಗುದ್ದಲಿ ಎತ್ತಿಕೊಂಡು ಮತ್ತೆ ಪಾತಿಗೆ ಇಳಿದಳು.